ಪಟ್ಟಾ ಕೊಟ್ಟರೆ ಬಡತನ ನೀಗೀತೇ?

ಪರ

ಉತ್ತರ ಕನ್ನಡದಲ್ಲಿ ಬಡವನ ಕಡತ ಮೊದಲು ಎಡವುವುದೇ ಪಹಣಿಯ ಹೊಸ್ತಿಲಲ್ಲಿ. ಜಿಲ್ಲೆಯ ಮುಕ್ಕಾಲು ಪಾಲಿಗೂ ಹೆಚ್ಚು ನೆಲ ಕಾಗದದಲ್ಲಿ ಅರಣ್ಯ. ಅದರೊಳಗೆ ಅರ್ಧ ಎಕರೆ ಸಾಗುವಳಿ ಮಾಡಿಕೊಂಡವನ ಅಡಿಕೆ ಫಲಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ದಾಖಲೆಯಲ್ಲಿ ಅವನು ಅತಿಕ್ರಮಣದಾರ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಇಲ್ಲ, ಅಡಿಕೆ-ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆ ಇಲ್ಲ, ಸೊಸೈಟಿಯ ಬೆಳೆಸಾಲ ಇಲ್ಲ. ಕೊಳೆರೋಗ ಮಾತ್ರ ಪಹಣಿ ಕೇಳಿ ಬರುವುದಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಡಿ ಪಟ್ಟಾ ಪಡೆಯಲು ಪರಿಶಿಷ್ಟ ಪಂಗಡದವರು 13-12-2005ಕ್ಕೆ ಮೊದಲಿನ ಸಾಗುವಳಿ ತೋರಿಸಿದರಾಯಿತು. ಉಳಿದವರು ಆ ಕಾಡಿನಲ್ಲಿ ತಮ್ಮ ವಾಸ ತೋರಿಸಲು ಅದಕ್ಕೂ 75 ವರ್ಷ ಹಿಂದಕ್ಕೆ, ಅಂದರೆ 1930ಕ್ಕೆ ಹೋಗಬೇಕು. 2003ರಲ್ಲಿ ಪಂಗಡದ ಪಟ್ಟಿ ಸೇರಿದ ಸಿದ್ದಿಗಳಿಗೆ ಒಂದು ಅಳತೆ, ಹೊರಗುಳಿದ ಹಾಲಕ್ಕಿ, ಗೌಳಿಗಳಿಗೆ ಇನ್ನೊಂದು. ಹಾಗೆಂದು ನಿಯಮ ಅಷ್ಟೇನೂ ಕಠಿಣವಲ್ಲ. ಎರಡು ಸಾಕ್ಷ್ಯ ಸಾಕು, ಊರ ಹಿರಿಯರ ಹೇಳಿಕೆ ಬರೆಸಿಕೊಂಡರೆ ಅದೂ ಒಂದು. ಇಂಥದ್ದೇ ದಾಖಲೆ ಬೇಕೆಂದು ಅರ್ಜಿ ಪರಿಶೀಲಿಸುವ ಸಮಿತಿ ಹಠ ಹಿಡಿಯುವಂತಿಲ್ಲ. ತಿರಸ್ಕರಿಸಿದರೆ 60 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಹಿರಿಯರ ಹೇಳಿಕೆಯಿಲ್ಲದೆ ಬರೀ ಜಿಪಿಎಸ್ ನಕ್ಷೆ ಲಗತ್ತಿಸಿ ಕಳಿಸಿದ ಅರ್ಜಿ ಉಪವಿಭಾಗ ಸಮಿತಿಯಲ್ಲಿ ಬೀಳುತ್ತದೆ.

ಅಡಿಕೆ ತೋಟದ ಎಕರೆಗೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡು, ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ಏರ್ಪಾಡು. ತೋಟವಿದ್ದವನಿಗೆ ಕಾಡಿನ ಸವಲತ್ತು ಆಗಲೇ ಸಿಕ್ಕಿತು. ಆ ತೋಟದಲ್ಲಿ ದುಡಿದವನ ಮೊಮ್ಮಗನ ಕೈಗೆ ಇಂದೂ ಬರುವುದು ಅರ್ಜಿ ತಿರಸ್ಕರಿಸಿದ ಹಿಂಬರಹ.

ವಿರೋಧ

ಪಟ್ಟಾ ಬೇಕು, ತಕರಾರಿಲ್ಲ. ಆದರೆ ಈ ಹಕ್ಕುಪತ್ರ ಮಕ್ಕಳಿಗೆ ಇಳಿಯುತ್ತದೆಯೇ ಹೊರತು ಪರಭಾರೆ ಮಾಡಲು ಬರುವುದಿಲ್ಲ. ಅಡವಿಟ್ಟು ದೊಡ್ಡ ಸಾಲ ಎತ್ತುವ ಆಸೆ ಬಿಡಬೇಕು.

ಪಟ್ಟಾ ಇದ್ದವನ ಮನೆಯೂ ಅರ್ಧಕ್ಕೆ ನಿಂತಿರುತ್ತದಲ್ಲ, ಅದೇಕೆ? ಹಳ್ಳಿಯ ಬಡವರಿಗೆ ಮನೆ ಕಟ್ಟಲು ನೆರವಾಗುವ ಪ್ರಧಾನಮಂತ್ರಿ ಆವಾಸ್ ಗ್ರಾಮೀಣದ 1.20 ಲಕ್ಷ ರೂಪಾಯಿ 2016ರ ಲೆಕ್ಕ. ಕಟ್ಟಬೇಕಾದದ್ದು ಕನಿಷ್ಠ 25 ಚದರ ಮೀಟರ್. ಹಣ ಬರುವುದು ಕಂತಿನಲ್ಲಿ, ಪ್ರತಿ ಹಂತದ ಫೋಟೊ ಏರಿಸಿದ ಮೇಲೆ. ಬಯಲುಸೀಮೆಗೆ ಇದು ಒಗ್ಗೀತು. ಇಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೂ ಮಳೆ. ಚಿರೆಕಲ್ಲಿನ ಕ್ವಾರಿಯಲ್ಲಿ ನೀರು ನಿಲ್ಲುತ್ತದೆ, ಹೊಳೆಯ ಮರಳು ಎತ್ತಲಾಗದು. ಮೇ ತಿಂಗಳಲ್ಲಿ ಪಾಯದ ಕಂತು ಬಂದರೆ ಗೋಡೆ ಏಳುವುದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಆ ದುಡ್ಡು ಮಳೆಗಾಲದ ಅಕ್ಕಿಗೋ ಆಸ್ಪತ್ರೆಗೋ ಹೋಗಿರುತ್ತದೆ. ಅಕ್ಟೋಬರಿನಲ್ಲಿ ಮೊದಲ ಕಂತು ಕೊಟ್ಟರೆ ಮಾರ್ಚ್ ಒಳಗೆ ಮಾಡು ಹೊದೆಸಬಹುದು. ಇಷ್ಟು ಬದಲಿಸಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕಿಲ್ಲ.

ಕಾರವಾರದಿಂದ ಭಟ್ಕಳದವರೆಗಿನ ಮೀನುಗಾರರಿಗಂತೂ ಸಾಗುವಳಿಯ ಪ್ರಶ್ನೆಯೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ದಡದಲ್ಲಿ. ಉಳಿತಾಯ-ಪರಿಹಾರ ಯೋಜನೆಗೆ ಮೀನುಗಾರ 1,500 ಕಟ್ಟಿದರೆ ಸರ್ಕಾರದ 3,000 ಸೇರಿ 4,500 ರೂಪಾಯಿ ಕೈಗೆ ಬರುತ್ತದೆ. ಯೋಜನೆ ಲೆಕ್ಕ ಹಿಡಿಯುವ ಮೂರು ತಿಂಗಳಿಗೆ ಹಂಚಿದರೆ ದಿನಕ್ಕೆ 50, ಅದರಲ್ಲೂ ಮೂರರಲ್ಲೊಂದು ಪಾಲು ಅವನದೇ. ದೋಣಿ ನಿಂತರೆ ಬುಟ್ಟಿ ಹೊತ್ತು ಮಾರುವ ಹೆಂಗಸಿನ ವ್ಯಾಪಾರವೂ ನಿಂತಿತು. ಆಗ ಕೈ ಹಿಡಿಯುವುದು ಒಣಮೀನು. ಅದಕ್ಕೆ ಉಪ್ಪು ಹಾಕಿ ಬೇಸಿಗೆಯ ಬಿಸಿಲಿನಲ್ಲೇ ಒಣಗಿಸಿಟ್ಟಿರಬೇಕು. ಹಸಿಮೀನು ಕೊಳ್ಳಲು ಅವಳಿಗೆ ದುಡ್ಡು ಬೇಕಾದದ್ದು ಮಾರ್ಚ್‌ನಲ್ಲಿ.