ಕಪ್ಪು ಜನರ ಕಿಡ್ನಿಗೆ ಬೇರೆ ಲೆಕ್ಕ ಬೇಕಾ? ಸತ್ಯಾಂಶ ಇಲ್ಲಿದೆ

"ಕಪ್ಪು ಜನರಿಗೆ ಮಾಂಸಖಂಡ ಜಾಸ್ತಿ, ಅದಕ್ಕೇ ಅವರ ಕಿಡ್ನಿಗೆ ಬೇರೆ ಲೆಕ್ಕ, ಅಮೆರಿಕದವರು ಅದನ್ನು ತೆಗೆದಿದ್ದು ಬರೀ ರಾಜಕೀಯ" ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಇದು ಸರಿಯಲ್ಲ.

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ನೇರವಾಗಿ ಅಳೆಯುವುದು ಕಷ್ಟ. ಹಾಗಾಗಿ ರಕ್ತದ ಕ್ರಿಯೇಟಿನಿನ್ (ಮಾಂಸಖಂಡದಿಂದ ಬರುವ, ಕಿಡ್ನಿ ಹೊರಹಾಕುವ ತ್ಯಾಜ್ಯ), ವಯಸ್ಸು, ಗಂಡೋ ಹೆಣ್ಣೋ ಅನ್ನೋದನ್ನು ಸೂತ್ರಕ್ಕೆ ಹಾಕಿ ಅಂದಾಜು ಮಾಡುತ್ತಾರೆ, ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಂತ ಬರುವುದು ಅದೇ. ಅದು ಕಡಿಮೆಯಾದಷ್ಟೂ ಕಿಡ್ನಿ ಕೆಲಸ ಕಡಿಮೆ ಅಂತ ಅರ್ಥ. 2009ರ ಸಿಕೆಡಿ-ಎಪಿ ಸೂತ್ರದಲ್ಲಿ ರೋಗಿ ಕಪ್ಪು ಜನಾಂಗದವರಾದರೆ ಉತ್ತರವನ್ನು 1.159ರಿಂದ ಗುಣಿಸಬೇಕಿತ್ತು. ಅಧ್ಯಯನಗಳಲ್ಲಿ, ಕಿಡ್ನಿ ಅಷ್ಟೇ ಕೆಲಸ ಮಾಡುತ್ತಿದ್ದರೂ ಅವರ ಕ್ರಿಯೇಟಿನಿನ್ ಸರಾಸರಿ ಸ್ವಲ್ಪ ಜಾಸ್ತಿ ಕಂಡಿದ್ದು ನಿಜ. ಆದರೆ ಮಾಂಸಖಂಡವೇ ಕಾರಣ ಅನ್ನೋದು ಸಾಬೀತಾಗಿಲ್ಲ. ಅಪ್ಪ ಕಪ್ಪು, ಅಮ್ಮ ಬಿಳಿ ಆದವರಿಗೆ ಯಾವ ಲೆಕ್ಕ ಹಾಕೋದು, ಅಲ್ವಾ?

ಇದರ ಪೆಟ್ಟು ನೋಡಿ. ಅಮೆರಿಕದಲ್ಲಿ ಇಜಿಎಫ್‌ಆರ್ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಕಿಡ್ನಿ ಕಸಿಯ ಪಟ್ಟಿಯಲ್ಲಿ ಕಾಯುವ ದಿನಗಳ ಎಣಿಕೆ ಶುರು. ಒಬ್ಬರಿಗೆ 18 ಬಂತು ಅಂದುಕೊಳ್ಳಿ. 1.159ರಿಂದ ಗುಣಿಸಿದರೆ ಸುಮಾರು 21. ಅದೇ ರಕ್ತ, ಅದೇ ಕಿಡ್ನಿ, ಆದರೆ ಎಣಿಕೆ ಶುರುವಾಗಲ್ಲ. ನನಗೆ ಸಂಕಟವಾಗುವುದು ಇಲ್ಲೇ.

2021ರಲ್ಲಿ ಅಲ್ಲಿನ ನ್ಯಾಷನಲ್ ಕಿಡ್ನಿ ಫೌಂಡೇಶನ್ ಮತ್ತು ಅಮೆರಿಕನ್ ಸೊಸೈಟಿ ಆಫ್ ನೆಫ್ರಾಲಜಿ ಸೇರಿ, ಜನಾಂಗ ಕೇಳದ ಹೊಸ ಸೂತ್ರ ಬಳಸಿ ಎಂದವು. ಸುಮ್ನೆ ಹಳೆಯದರಿಂದ ಒಂದು ಅಂಕಿ ಅಳಿಸಿದ್ದಲ್ಲ, ಹೊಸದಾಗಿ ಕಟ್ಟಿದ್ದು. ಅದೂ ಪೂರ್ತಿ ಕರಾರುವಾಕ್ಕಲ್ಲ: ಕಪ್ಪು ಜನರಲ್ಲಿ ಸ್ವಲ್ಪ ಕಡಿಮೆ, ಉಳಿದವರಲ್ಲಿ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಅನುಮಾನ ಬಂದರೆ ರಕ್ತದಲ್ಲಿರುವ ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ಅಂಶದ ಪರೀಕ್ಷೆ ಇದೆ, ಅದರ ಮೇಲೆ ಮಾಂಸಖಂಡದ ಪ್ರಭಾವ ಕಡಿಮೆ. 2023ರಲ್ಲಿ, ಹಳೆ ಲೆಕ್ಕದಿಂದ ಹಿಂದೆ ಬಿದ್ದ ಕಪ್ಪು ರೋಗಿಗಳ ಕಾಯುವ ಸಮಯ ತಿದ್ದಿಕೊಡಬೇಕು ಅಂತ ಕಸಿ ಆಸ್ಪತ್ರೆಗಳಿಗೆ ನಿಯಮ ಬಂತು.