ಭೂತದ ಬಿಸ್ಕತ್ತು, ಸಕ್ಕರೆ ಆರತಿ
ನಿಮ್ಮ ಅಡುಗೆ ಬರಹದಲ್ಲಿ ಹ್ಯಾಲೋವೀನ್ ಬಿಸ್ಕತ್ತಿನ ಮೇಲೆ ಬಿಳಿ ಚಾಕೊಲೇಟ್ ಕರಗಿಸಿ ಭೂತದ ಮುಖ ಬರೆಯುವುದನ್ನು ಚೆನ್ನಾಗಿ ತಿಳಿಸಿದ್ದೀರಿ. ಒಂದು ಮಾತು ಸೇರಿಸಲೇಬೇಕು. ಪಾತ್ರೆ, ಚಮಚದಲ್ಲಿ ಒಂದು ಹನಿ ನೀರೂ ಇರಬಾರದು. ಇದ್ದರೆ ಚಾಕೊಲೇಟ್ ಗಂಟು ಕಟ್ಟುತ್ತದೆ. ನೀರಿನಂಥ ಬಣ್ಣ ಹಾಕಿದರೂ ಅಷ್ಟೇ, ಎಣ್ಣೆಯಲ್ಲಿ ಕಲಸಿದ ಬಣ್ಣವೇ ಬೇಕು. ಹೋದ ವರ್ಷ ನನ್ನದು ಹೀಗೇ ಕೆಟ್ಟು ತುಂಬಾ ಬೇಜಾರಾಗಿತ್ತು.

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಗೌರಿ ಹುಣ್ಣಿಮೆಗೆ (ಕಾರ್ತಿಕ ಹುಣ್ಣಿಮೆ) ಸಕ್ಕರೆ ಆರತಿ, ಅಂದರೆ ಪಾಕವನ್ನು ಅಚ್ಚಿಗೆ ಹೊಯ್ದು ಸಕ್ಕರೆ ಗೊಂಬೆ ಮಾಡುತ್ತೇವೆ. ಅಲ್ಲಿ ಪೂರ್ತಿ ಉಲ್ಟಾ! ಕಟ್ಟಿಗೆಯ ಅಚ್ಚುಗಳನ್ನು ಅವ್ವ ಮೊದಲೇ ನೀರಿನಲ್ಲಿ ನೆನೆಸಿಡುತ್ತಾಳೆ. ಒಣ ಅಚ್ಚಿಗೆ ಪಾಕ ಅಂಟಿದರೆ ಆನೆಯ ಸೊಂಡಿಲು, ತೇರಿನ ತುದಿ ಮುರಿದೇ ಬರುತ್ತವೆ. ಈ ಸಲ ಮಕ್ಕಳು ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಭೂತ ಬರೆಯಲಿ, ಹುಣ್ಣಿಮೆಗೆ ಅಜ್ಜಿ ಜೊತೆ ಕೂತು ಅಚ್ಚಿನ ಭಾಗಗಳನ್ನು ಜೋಡಿಸಿ ದಾರ ಸುತ್ತಲಿ ಅಂತ ನನ್ನಾಸೆ.