ನೂರು ಗ್ರಾಮಿನ ಯುದ್ಧ

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ, ಕುಂಬಳೆಯಿಂದ ಮುಳ್ಳೇರಿಯದವರೆಗೆ, ಈಗ ಯಾರ ಬಾಯಲ್ಲಿ ಕೇಳಿದರೂ ಪ್ರೋಟೀನ್. ಮೊದಲೆಲ್ಲ ಇಬ್ಬರು ಎದುರಾದರೆ ಅಡಿಕೆಗೆ ರೇಟೆಷ್ಟು ಎಂದು ಕೇಳಿಕೊಳ್ಳುತ್ತಿದ್ದರು. ಈಗ "ನಿಮಗೆ ದಿನಕ್ಕೆ ಎಷ್ಟು ಗ್ರಾಂ ಹೋಗ್ತದೆ?" ಎಂದು ಕೇಳುತ್ತಾರೆ. ಊಟ ಆಯಿತಾ ಎಂದು ಕೇಳುವ ಪದ್ಧತಿ ನಿಂತೇ ಹೋಗಿದೆ.

ಊರು ಎರಡು ಹೋಳಾಗಿದೆ. ಒಂದು ಟೋಫು ಪಕ್ಷ, ಇನ್ನೊಂದು ಕಾಳು ಪಕ್ಷ. ಟೋಫು ಪಕ್ಷದಲ್ಲಿ ಜಿಮ್ಮಿಗೆ ಹೋಗುವ ಹುಡುಗರು, ಗಲ್ಫಿನಿಂದ ರಜೆಗೆ ಬಂದವರು, ಬೆಂಗಳೂರಲ್ಲಿ ಕೆಲಸಕ್ಕಿರುವ ಮಕ್ಕಳು. ಕಾಳು ಪಕ್ಷದಲ್ಲಿ ರಿಟೈರಾದ ಮಾಷ್ಟ್ರುಗಳು ಮತ್ತು "ನಮ್ಮ ಅಜ್ಜ ಹುರುಳಿ ಸಾರು ಉಂಡೇ ತೊಂಬತ್ತು ದಾಟಿದ್ದು" ಎನ್ನುವವರು. ಆ ಅಜ್ಜ ಸಾರು ಉಂಡು ಇಡೀ ದಿನ ತೋಟಕ್ಕೆ ಮಣ್ಣು ಹೊರುತ್ತಿದ್ದರು ಎಂಬುದನ್ನು ಮಾತ್ರ ಮೊಮ್ಮಗ ಕುರ್ಚಿಯಿಂದ ಏಳದೆ ಮರೆತುಬಿಡುತ್ತಾನೆ.

ಈ ಜಗಳ ತೀರಿಸಲೆಂದೇ ಮೊನ್ನೆ ಒಂದು ಪೋಷಕಾಹಾರ ಜಾಗೃತಿ ಶಿಬಿರ ನಡೆಯಿತು. ಎಲ್ಲಿ, ಯಾರು ಮಾಡಿದ್ದು ಅಂತ ಕೇಳಬೇಡಿ. ಎಲ್ಲಾ ಕಡೆಯ ಶಿಬಿರವೂ ಹೀಗೇ. ಸ್ವಾಗತ, ಪ್ರಾರ್ಥನೆ, ದೀಪ ಬೆಳಗುವುದು, ಅದಕ್ಕೆ ಮೊದಲು ಬೆಂಕಿಪೆಟ್ಟಿಗೆ ಹುಡುಕುವುದು. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸು. ಎಡಕ್ಕೆ ಬೆಳ್ಳಗಿನ ಟೋಫು ಗಟ್ಟಿ. ಬಲಕ್ಕೆ ಪಲ್ಯ ಮಾಡುವ ಹಸಿರು ಬೀನ್ಸಿನ ಚಿತ್ರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ "22 ಗ್ರಾಂ ಪ್ರೋಟೀನ್". ಪಾಪ, ಹಸಿರು ಬೀನ್ಸಿನಲ್ಲಿ ನೂರು ಗ್ರಾಮಿಗೆ ಇರುವುದು ಸುಮಾರು 2 ಗ್ರಾಂ. ಆ 22 ಒಣ ಹುರುಳಿಯದ್ದು. ಫ್ಲೆಕ್ಸು ಮಾಡಿದ ಹುಡುಗ ಚಂದದ ಚಿತ್ರ ಹಾಕಿದ್ದಾನೆ, ಅಷ್ಟೆ. ಹುರುಳಿ ಯಾವತ್ತಾದರೂ ಫೋಟೋಕ್ಕೆ ಚಂದ ಬಂದದ್ದುಂಟಾ?

ತಜ್ಞರು ಓದಿದರು: ಗಟ್ಟಿ ಟೋಫುವಿನಲ್ಲಿ ನೂರು ಗ್ರಾಮಿಗೆ 12ರಿಂದ 17 ಗ್ರಾಂ, ಒಣಕಾಳಿನಲ್ಲಿ 22. ಕಾಳು ಪಕ್ಷ ಚಪ್ಪಾಳೆ ಹೊಡೆಯಿತು. ಜಿಮ್ಮಿನ ಹುಡುಗನೊಬ್ಬ ಎದ್ದು ನಿಂತ. "ಒಣ ಹುರುಳಿಯನ್ನು ಯಾರು ಜಗಿಯುತ್ತಾರೆ ಸಾರ್? ಬೇಯಿಸಿದ ಮೇಲೆ ಎಷ್ಟು?" ಬೇಯಿಸಿದರೆ ಕಾಳು ನೀರು ಕುಡಿದು ಉಬ್ಬುತ್ತದೆ. ಆಗ ನೂರು ಗ್ರಾಮಿಗೆ 7ರಿಂದ 9 ಗ್ರಾಂ. ಈಗ ಟೋಫು ಪಕ್ಷದ ಚಪ್ಪಾಳೆ. ಮುಂದಿನ ಸಾಲಿನ ಮಾಷ್ಟ್ರು ಸುಮ್ನೆ ಕೂರುವವರಲ್ಲ. "ಹಾಗಾದರೆ ನಿಮ್ಮ ಟೋಫುವನ್ನೂ ಅಂಗಳದಲ್ಲಿ ಒಣಗಿಸಿ ತನ್ನಿ, ಆಮೇಲೆ ತೂಗುವ" ಎಂದರು.

ಮಾಷ್ಟ್ರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹಸಿ ಅಡಿಕೆ ತೂಗಿ ಒಣಗಿಸಿ ಸುಲಿದ ಚಾಲಿಯ ರೇಟು ಕೇಳಿದರೆ ಅಂಗಡಿಯವರು ಒಳಗೆ ಬಿಡುತ್ತಾರಾ? ಅಡಿಕೆ ವಿಷಯದಲ್ಲಿ ನೀರಿನ ತೂಕ ಎಷ್ಟು, ಕಾಯಿಯ ತೂಕ ಎಷ್ಟು ಎಂದು ಕಣ್ಣಳತೆಯಲ್ಲೇ ಹೇಳುವ ಜನ ನಾವು. ಅದೇ ನಾವು ಪ್ರೋಟೀನಿನ ಪಟ್ಟಿ ಕಂಡ ಕೂಡಲೇ ಬುದ್ಧಿಯನ್ನು ಮನೆಯಲ್ಲಿಟ್ಟು ಬರುತ್ತೇವೆ. ಪಟ್ಟಿ ಮಾಡಿದವನು ನೀರು ಎಲ್ಲಿ ಸೇರಿಸಿದ, ಎಲ್ಲಿ ತೆಗೆದ ಎಂದು ನೋಡಿದರೆ ಗೆದ್ದವರು ಯಾರೆಂದು ಮೊದಲೇ ಗೊತ್ತಾಗುತ್ತದೆ.

ಇಷ್ಟರಲ್ಲಿ ಅಂಗನವಾಡಿ ಟೀಚರ್ ಒಂದು ಪ್ರಶ್ನೆ ಹಾಕಿದರು. "ಸಾರ್, ಈ ಟೋಫು ಎಂತದ್ದರಿಂದ ಮಾಡುವುದು?" ಸಭೆ ತಣ್ಣಗಾಯಿತು. ಸೋಯಾ ಕಾಳಿನಿಂದ! ಕಾಳು ನೆನೆಸಿ, ರುಬ್ಬಿ, ಕುದಿಸಿ, ಸೋಸಿ ಹಾಲು ತೆಗೆಯುತ್ತಾರೆ. ಕ್ಯಾಲ್ಸಿಯಂ ಸಲ್ಫೇಟೋ ಮೆಗ್ನೀಷಿಯಂ ಕ್ಲೋರೈಡೋ ಹಾಕಿ ಒಡೆಯುತ್ತಾರೆ. ಬಟ್ಟೆಯಲ್ಲಿ ಕಟ್ಟಿ ಒತ್ತುತ್ತಾರೆ. ಒಣ ಸೋಯಾದಲ್ಲಿ ನೂರು ಗ್ರಾಮಿಗೆ ಸುಮಾರು 36 ಗ್ರಾಂ ಪ್ರೋಟೀನ್. ಅಂದರೆ ಇಷ್ಟು ಹೊತ್ತು ನಡೆದದ್ದು ಕಾಳಿಗೂ ಕಾಳಿನ ಮಗುವಿಗೂ ಆಸ್ತಿ ಜಗಳ.

ನ್ಯಾಯವಾಗಿ ಹೇಳಬೇಕೆಂದರೆ ಟೋಫು ಬಡಪಾಯಿ ಏನಲ್ಲ. ಅದರ ಪ್ರೋಟೀನಿನಲ್ಲಿ ದೇಹಕ್ಕೆ ಬೇಕಾದ ಅಮೈನೋ ಆಮ್ಲಗಳೆಲ್ಲ ಇವೆ, ಸುಲಭವಾಗಿ ಜೀರ್ಣವಾಗುತ್ತದೆ. ಕ್ಯಾಲ್ಸಿಯಂ ಲವಣ ಹಾಕಿ ಒಡೆದದ್ದಾದರೆ ಕ್ಯಾಲ್ಸಿಯಂ ಕೂಡ ಜಾಸ್ತಿ. ಮತ್ತೆ, ಹುರುಳಿ ಉಂಡು ಬಸ್ಸಿನಲ್ಲಿ ಕೂತವರ ಪಕ್ಕದ ಸೀಟಿನವರನ್ನು ಕೇಳಿದರೆ ಅವರು ಟೋಫುವಿಗೇ ಓಟು ಹಾಕುತ್ತಾರೆ. ಆದರೆ ನಾರು? ಅದು ಸೋಸುವಾಗ ಹಿಂಡಿಯ ಜೊತೆ ಹೊರಗೆ ಹೋಯಿತು. ಹಿಂಡಿ ದನಕ್ಕೆ, ದನಕ್ಕೆ ಹೊಟ್ಟೆ ಸಲೀಸು. ಇತ್ತ ಟೋಫು ತಿಂದವರು ಮೆಡಿಕಲ್ಲಿಗೆ ಹೋಗಿ ಇಸಬ್ಗೋಲಿನ ಡಬ್ಬಿ ಕೇಳುತ್ತಾರೆ.

ಕಾಳಿನಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆ ಎಂದು ತಜ್ಞರು ಎಚ್ಚರಿಸಿದರು. ಸರಿ. ಅಕ್ಕಿಯಲ್ಲಿ ಲೈಸಿನ್ ಎಂಬ ಇನ್ನೊಂದು ಕಡಿಮೆ. ಕಾಳಿನಲ್ಲಿ ಇಲ್ಲದ್ದು ಅಕ್ಕಿಯಲ್ಲಿದೆ, ಅಕ್ಕಿಯಲ್ಲಿ ಇಲ್ಲದ್ದು ಕಾಳಿನಲ್ಲಿದೆ. ಇಲ್ಲಿನ ಶಾಲೆಗಳಲ್ಲಿ ಹಿಂದೆ ಮಧ್ಯಾಹ್ನ ಗಂಜಿ, ಜೊತೆಗೆ ಒಂದು ಸೌಟು ಬೇಯಿಸಿದ ಹೆಸರುಕಾಳು ಬಡಿಸುತ್ತಿದ್ದರಲ್ಲ, ತಟ್ಟೆ ಹಿಡಿದು ಸಾಲಲ್ಲಿ ನಿಂತು "ಇವತ್ತೂ ಇದೇನಾ" ಎಂದು ಮೂತಿ ತಿರುಗಿಸಿದ್ದೆವಲ್ಲ, ಅದನ್ನೇ ಈಗ ಬಟ್ಟಲಿನಲ್ಲಿಟ್ಟು ಮೇಲೆ ಎರಡು ಸೊಪ್ಪಿನೆಲೆ ಉದುರಿಸಿ "ಪ್ರೋಟೀನ್ ಬೌಲ್" ಎಂದು ಮಾರಿದರೆ ಮಂಗಳೂರಿಗೆ ಹೋಗಿ ಕ್ಯೂ ನಿಂತು ತಿನ್ನುತ್ತೇವೆ. ವಿಶ್ವಸಂಸ್ಥೆಯವರು 2016ನ್ನು ಬೇಳೆಕಾಳುಗಳ ವರ್ಷ ಎಂದು ಘೋಷಿಸಿದರು. ಈಗ ಫೆಬ್ರವರಿ 10 ಬೇಳೆಕಾಳುಗಳ ದಿನ. ಕಾಳಿಗೂ ಒಂದು ದಿನಾಚರಣೆ ಬಂತು ಎಂದರೆ ಅದರ ಕಥೆ ಮುಗಿಯಿತು ಎಂದೇ ಲೆಕ್ಕ, ಅಲ್ವಾ?

ನಡುವೆ ಚಹಾ ವಿರಾಮ. ಪೋಷಕಾಹಾರ ಶಿಬಿರದ ತಿಂಡಿ ಏನು ಗೊತ್ತಾ? ಮೈದಾದ ಪಫ್ಸು, ಎರಡು ಬಿಸ್ಕೆಟ್, ತಳದಲ್ಲಿ ಸಕ್ಕರೆ ಕೂತ ಚಹಾ. ಟೋಫು ಪಕ್ಷವೂ ಕಾಳು ಪಕ್ಷವೂ ಒಗ್ಗಟ್ಟಾಗಿ ಎರಡೆರಡು ಪಫ್ಸು ಎತ್ತಿಕೊಂಡವು.

ಚಹಾ ಆದ ಮೇಲೆ, ತೀರ್ಮಾನಕ್ಕೆ ಒಂದು ಸಮಿತಿ ಮಾಡುವ ಎಂದು ಯಾರೋ ಸೂಚಿಸಿದರು. ಸಮಿತಿ ಎಂದರೇನೆಂದು ನಮ್ಮೂರಿಗೆ ಚೆನ್ನಾಗಿ ಗೊತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದಕ್ಕೆ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲೇ ಹೇಳಿತ್ತು. ಹೊಳೆ ಹರಿಯುತ್ತಲೇ ಇದೆ. ಸೂಚನೆಗೆ ಅನುಮೋದನೆ ಸಿಗಲಿಲ್ಲ.

ಕೊನೆಗೆ ಒಬ್ಬರು ಕೋಣದ ಯಜಮಾನರು ಎದ್ದರು. ಪೈವಳಿಕೆ ಕಡೆಯ ಕಂಬಳಕ್ಕೆಲ್ಲ ಕೋಣ ಕಟ್ಟುವವರು. "ನಮ್ಮ ಕೋಣಗಳಿಗೆ ಬೇಯಿಸಿದ ಹುರುಳಿಯೇ ಹಾಕುವುದು. ಟೋಫು ಕೊಟ್ಟರೆ ಇನ್ನೂ ಜೋರು ಓಡ್ತಾವಾ?" ತಜ್ಞರು ಪಶುವೈದ್ಯರನ್ನು ಕೇಳಿ ಎನ್ನಬಹುದಿತ್ತು. ಅವರು ಮೊಬೈಲ್ ತೆಗೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ಮನುಷ್ಯನಿಗೆ ದಿನಕ್ಕೆ ಒಂದು ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಅದನ್ನೇ 600 ಕಿಲೋದ ಕೋಣಕ್ಕೆ ಗುಣಿಸಿದರು. 498 ಗ್ರಾಂ ಬಂತು. ಟೋಫು ಲೆಕ್ಕದಲ್ಲಿ ಮೂರು ಕಿಲೋ ಚಿಲ್ಲರೆ. "200 ಗ್ರಾಮಿನ ಪೊಟ್ಟಣವಾದರೆ ದಿನಕ್ಕೆ 17" ಎಂದರು.

ಯಜಮಾನರು ಬೆರಳು ಮಡಚಿ ಎಣಿಸಿದರು. "ಜೋಡಿಗೆ 34. ಮನೆಯ ಫ್ರಿಜ್ಜಲ್ಲಿ ಹಿಡಿಯುವುದಿಲ್ಲ. ಫ್ರಿಜ್ಜಿಗೆ ಸಬ್ಸಿಡಿ ಉಂಟಾ?"

"ಉಂಟು" ಎಂದರು ತಜ್ಞರು. "ಅರ್ಜಿ ಮಲಯಾಳದಲ್ಲಿ ತುಂಬಬೇಕು."